ಗುಡಿಯಿಂದ ಬಾಗಿಲಿಗೆ ಎಷ್ಟು ಮೀಟರ್

ಗೆಳೆಯ ಚನ್ನವೀರಯ್ಯ ಈ ಫೆಬ್ರವರಿಯಲ್ಲಿ ತೀರಿಕೊಂಡ. ತುಮಕೂರಿನ ಸದಾಶಿವನಗರದ ಮನೆಯಲ್ಲಿ ಬೆಳಗಿನ ಲಿಂಗಪೂಜೆ ಮುಗಿಸಿ, ಕಾಫಿಗೆ ಕಾಯುತ್ತ ಕುಳಿತಿದ್ದವನು ಹಾಗೆಯೇ ಗೋಡೆಗೆ ಒರಗಿದನಂತೆ. ಅರವತ್ತೊಂದು ವರ್ಷವಾಗಿತ್ತು. ಬೆಳ್ಳಾವಿಯಲ್ಲಿ ಅವರದೇ ಹೊಲದಲ್ಲಿ ಸಮಾಧಿ ಮಾಡಿದೆವು. ಬಂದವರಲ್ಲಿ ಮಠದವರು, ನೆಂಟರು ಅರ್ಧದಷ್ಟಿದ್ದರೆ ಉಳಿದರ್ಧ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಬಾರ್ ಮಾಲೀಕರು. ನಿಲ್ಲಿಸಲು ಜಾಗ ಸಾಲದೆ ಅವರ ಕಾರುಗಳನ್ನು ರಾಗಿ ಕೊಯ್ದ ಹೊಲಕ್ಕೆ ಇಳಿಸಬೇಕಾಯಿತು.

ಅವನ ಕೆಲಸ ಅಂಥದ್ದು. ಗುಬ್ಬಿಯ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದು ಅರ್ಜಿ ಬರೆಯುವುದನ್ನು ಕಲಿತವನು, ಆಮೇಲೆ ಮೂವತ್ತು ವರ್ಷ ಹೋಟೆಲು, ಬಾರುಗಳ ಕಾಗದಪತ್ರ ಮಾಡಿಸಿಕೊಡುತ್ತಿದ್ದ. ಪಾಲಿಕೆಯ ಪರವಾನಗಿ, ಅಡುಗೆಮನೆಯ ನೋಂದಣಿ, ಎಲ್ಲಕ್ಕಿಂತ ಮುಖ್ಯವಾಗಿ ಅಬಕಾರಿ ಲೈಸೆನ್ಸು. ಅಬಕಾರಿಯವರ ವರ್ಷ ಮುಗಿಯುವುದು ಜೂನ್ ಮೂವತ್ತಕ್ಕೆ. ಮೇ, ಜೂನ್‌ನಲ್ಲಿ ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಜುಲೈ ಬಂತೆಂದರೆ ಓದಲು ಪುಸ್ತಕ ಕೇಳಿಕೊಂಡು ಮನೆಗೆ ಬರುತ್ತಿದ್ದ. ತಂದುಕೊಡುವಾಗ ಯಾವ ಪುಟದಲ್ಲಿ ಅಚ್ಚಿನ ತಪ್ಪಿದೆ ಎಂದು ಹೇಳದೆ ಹೋಗುತ್ತಿರಲಿಲ್ಲ.

ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಫೈಲು. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ನಮ್ಮ ಬೀದಿಯ ದಯಾನಂದ ಛೇಡಿಸುತ್ತಿದ್ದ.

"ಏನ್ ಅಯ್ನೋರೇ, ಈಬತ್ತಿ ಹಚ್ಕೊಂಡು ದಿನಾ ಬಾರ್‌ಗೋಯ್ತೀರಲ್ಲ, ಶಿವ ಏನೂ ಅನ್ನಲ್ವಾ?"

"ಅನ್ನಲ್ಲ ಕಣೋ. ಒಳಗೋದಂಗೇ ಈಚೆಗ್ ಬರೋನು ನಾನೊಬ್ನೇ ಅಂತ ಅವನ್ಗೂ ಗೊತ್ತು."

ಅವನು ಎಂಥವನೆಂದು ಹೇಳಲು ಹೋದ ವರ್ಷದ ಕುಣಿಗಲ್ಲಿನ ಸಂಗತಿಯೊಂದೇ ನನಗೆ ಸಾಕು.

ಹುಲಿಯೂರುದುರ್ಗದ ಕಡೆಯ ಗಂಗಹನುಮಯ್ಯನವರು ಕುಣಿಗಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಿದ್ದರು. ಅಡುಗೆಮನೆ ಅವರ ಹೆಂಡತಿ ಹನುಮಂತಮ್ಮನವರದು. ಬಾಡಿಗೆಯ ಕಟ್ಟಡವನ್ನು ಒಡೆಯುವುದಿದೆ, ಜೂನ್ ಕೊನೆಯೊಳಗೆ ಖಾಲಿ ಮಾಡಿ ಎಂದು ಅದರ ಮಾಲೀಕರು ಹೇಳಿಬಿಟ್ಟಿದ್ದರು. ಊರಾಚೆ ಗಂಗಹನುಮಯ್ಯನವರ ಸ್ವಂತ ಕಟ್ಟಡ ಸಿದ್ಧವಾಗಿತ್ತು. ಲೈಸೆನ್ಸನ್ನು ಅಲ್ಲಿಗೆ ಬದಲಾಯಿಸಿಕೊಳ್ಳುವುದೊಂದು ಬಾಕಿ. ಅದಾಗದಿದ್ದರೆ ಜುಲೈ ಒಂದರಿಂದ ವ್ಯಾಪಾರವಿಲ್ಲ.

ಹೊಸ ಜಾಗ ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ ನೂರು ಮೀಟರಾದರೂ ದೂರವಿರಬೇಕು. ಅಳೆಯುವುದು ಗೋಡೆ ದಾಟಿ ನೇರ ಗೆರೆ ಎಳೆದಲ್ಲ, ಜನ ನಡೆದು ಹೋಗುವ ದಾರಿಯಲ್ಲಿ, ಬಾಗಿಲ ಮಧ್ಯದಿಂದ ಬಾಗಿಲ ಮಧ್ಯಕ್ಕೆ. ಅರ್ಜಿ ಹಾಕುವ ಮುಂಚೆ ಚನ್ನವೀರಯ್ಯ ತಾನೇ ಒಮ್ಮೆ ಅಳೆದು ನೋಡುತ್ತಿದ್ದ. ಅವತ್ತು ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದುಕೊಂಡು ಹೋಗಿದ್ದ.

ಶಾಲೆ ದೂರವಿತ್ತು. ಆಸ್ಪತ್ರೆ ಇನ್ನೂ ದೂರ. ಫೈಲು ಮುಚ್ಚುವಾಗ ಅವನ ಕಣ್ಣು ರಸ್ತೆಯಾಚೆಯ ಆಂಜನೇಯನ ಗುಡಿಯ ಮೇಲೆ ನಿಂತಿತು. ಗಂಗಹನುಮಯ್ಯನವರು ಕಟ್ಟಡದ ಪಾಯ ಹಾಕುವಾಗ ಹರಕೆ ಹೊತ್ತು ಕಟ್ಟಿಸಿದ ಗುಡಿ ಅದು. ಮತ್ತೆ ಟೇಪು ಬಿಚ್ಚಿದೆವು. ಎಂಬತ್ತೊಂದು ಮೀಟರ್.

"ನಮ್ದೇ ಗುಡಿ ಅಲ್ವಾ ಅಯ್ನೋರೇ," ಎಂದು ಗಂಗಹನುಮಯ್ಯನವರು ನಕ್ಕರು. "ನಮ್ ಬಾರ್‌ನಿಂದ ನಮ್ ಗುಡಿಗೇನ್ ತೊಂದ್ರೆ?"

"ನಿಮ್ದಲ್ಲ, ಟ್ರಸ್ಟಿಂದು. ರಿಜಿಸ್ಟರ್ ಆಗದೆ. ಹಂಗೇ ಬಿಟ್ಟಿದ್ರೆ ಏನಾದ್ರೂ ವಾದ ಮಾಡ್ಬೋದಿತ್ತು."

"ರಿಜಿಸ್ಟರ್ ಮಾಡ್ಸಿದ್ದು ಯಾರು?"

"ನಾನೇ."

ನಿಜವಾಗಿತ್ತು. ದೇವರ ಕೆಲಸವೆಂಬ ಸಂತೋಷದಲ್ಲಿ, ಎರಡು ವರ್ಷದ ಹಿಂದೆ ತಾನೇ ಮುಂದಾಗಿ ಟ್ರಸ್ಟ್ ಪತ್ರ ಬರೆದು ನೋಂದಣಿ ಮಾಡಿಸಿಕೊಟ್ಟಿದ್ದ. ಊರಿನ ಗುಡಿಗಳನ್ನೆಲ್ಲ ಲೆಕ್ಕ ಹಿಡಿಯುವವನಿಗೆ ತಾನೇ ನೋಂದಣಿ ಮಾಡಿಸಿದ ಗುಡಿಯೂ ಲೆಕ್ಕಕ್ಕೆ ಬರುತ್ತದೆಂದು ಹೊಳೆದಿರಲಿಲ್ಲ.

ಗಂಗಹನುಮಯ್ಯನವರ ನಗು ನಿಂತಿತು. "ನಕ್ಷೆಲಿ ಗುಡಿ ಬುಟ್ಬುಡಿ. ಇನ್ಸ್‌ಪೆಕ್ಟರ್ ಬರೋ ದಿನ ಅದ್ರ ಮುಂದೆ ಶಾಮಿಯಾನ ಹಾಕುಸ್ತೀನಿ."

"ಶಾಮಿಯಾನ ಹಾಕ್ಸಿ, ಆಂಜನೇಯಂಗೆ ಮದ್ವೆ ಅನ್ಕೊಂಡಾರು!"

"ನಗಾಡ್ಬ್ಯಾಡಿ ಅಯ್ನೋರೇ. ಹದಿನಾಲ್ಕು ಜನ ಕೆಲಸದೋರವ್ರೆ. ನಿಮ್ ತಪ್ಪಿಗೆ ನಾನ್ ಬಾಗ್ಲಾಕ್ಬೇಕಾ?"

ಚನ್ನವೀರಯ್ಯನ ಮುಖ ಸಣ್ಣಗಾಯಿತು. "ತಪ್ಪು ನಂದೇ, ಒಪ್ಕೋತೀನಿ. ಆದ್ರೆ ಇರೋ ಗುಡಿನ ಇಲ್ಲ ಅಂತ ಬರಿಯಲ್ಲ. ಬೇರೆಯೋರ ಕೈಲಿ ಮಾಡುಸ್ತೀನಿ ಅಂದ್ರೆ ಫೈಲ್ ಕೊಟ್ಟೋಯ್ತೀನಿ."

ಗಂಗಹನುಮಯ್ಯನವರು ಫೈಲು ಕಿತ್ತುಕೊಂಡು ಒಳಗೆ ಹೋದರು.

ವಾಪಸಾಗುವ ಬಸ್ಸು ಹೆಬ್ಬೂರು ದಾಟಿದ ಮೇಲೆ ಚನ್ನವೀರಯ್ಯ ಇದ್ದಕ್ಕಿದ್ದಂತೆ ಕೇಳಿದ: "ಆ ಕಟ್ಟಡದ ಹಿಂದೆ ಒಂದು ಬೀದಿ ಐತಲ್ವೇನೋ?"

ಫೈಲು ಅವನ ಕೈಯಲ್ಲಿರಲಿಲ್ಲ, ಕರೆದವರೂ ಇರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಮತ್ತೆ ಹೋದೆವು. ಹನುಮಂತಮ್ಮನವರು ಹೊಸ ಅಡುಗೆಮನೆ ತೊಳೆಸುತ್ತಿದ್ದರು.

"ಅಮ್ಮ, ಹಿಂದ್ಗಡೆ ಗೋಡೆ ಒಳಗೆ ಏನೈತೆ?"

"ಸಾಮಾನ್ ರೂಮು. ಯಾಕ್ ಅಯ್ನೋರೇ?"

ಹಿಂದಿನ ಗೋಡೆಯ ನಡುವೆ, ಬಾಗಿಲು ಬರಬೇಕಾದ ಕಡೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಟೇಪು ಹಿಡಿದೆವು. ಹಿಂದಿನ ಬೀದಿ, ಹಾಲಿನ ಡೇರಿಯ ಮೂಲೆ, ಸುತ್ತಿ ಬಂದು ಮುಖ್ಯರಸ್ತೆ, ರಸ್ತೆ ದಾಟಿ ಗುಡಿ. ನೂರ ಇಪ್ಪತ್ತೇಳು. ಚನ್ನವೀರಯ್ಯ ಇನ್ನೊಮ್ಮೆ ಅಳೆಸಿದ. ಅಷ್ಟೇ ಬಂತು.

ಅಷ್ಟರಲ್ಲಿ ಗಂಗಹನುಮಯ್ಯನವರು ಬಂದರು. ವಿಷಯ ಕೇಳಿ ರೇಗಿದರು. "ಮೈನ್ ರೋಡ್ ಬುಟ್ಟು ಹಿತ್ಲಿಂದ ಬಾರ್‌ಗೆ ಯಾವನ್ ಬತ್ತಾನ್ರೀ?"

ಉತ್ತರ ಹನುಮಂತಮ್ಮನವರಿಂದ ಬಂತು. "ಎಲ್ರೂ ಬತ್ತಾರೆ. ನಮ್ಮಣ್ಣ ಹಳೇ ಬಾರ್‌ಗೆ ತಲೆ ಮೇಲೆ ಟವಲ್ ಮುಚ್ಕೊಂಡ್ ಬತ್ತಿದ್ದಿದ್ದು ಮರ್ತೋಯ್ತಾ? ಅಲ್ದೆ ಸ್ವಾಮಿ ಕಣ್ಣೆದುರ್ಗೇ ಬಾಗ್ಲು ಇಕ್ಕಿದ್ದು ನಂಗೆ ಮೊದ್ಲಿಂದ್ಲೂ ಸರಿ ಕಂಡಿರ್ಲಿಲ್ಲ. ನನ್ ಕೇಳ್ದೋರ್ ಯಾರು?"

ಗಂಗಹನುಮಯ್ಯನವರು ಹೆಂಡತಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಒಳಗೆ ಹೋಗಿ ಫೈಲು ತಂದು ಚನ್ನವೀರಯ್ಯನ ಕೈಗಿಟ್ಟು, ಗಾರೆ ಕೆಲಸದ ಹೊನ್ನಯ್ಯನಿಗೆ ಫೋನು ಮಾಡಿದರು.

ಹಿಂದಿನ ಗೋಡೆ ಒಡೆದು ಬಾಗಿಲು ಇಟ್ಟಾದ ಮೇಲೆ, ಮುಂದಿನ ಬಾಗಿಲಿಗೆ ಬೀಗ ಹಾಕಿದರೆ ಸಾಕಲ್ಲವೇ ಎಂದು ಹೊನ್ನಯ್ಯ ಕೇಳಿದಾಗ ಚನ್ನವೀರಯ್ಯ ಒಪ್ಪಲಿಲ್ಲ. "ಬೀಗ ಯಾವತ್ತಾದ್ರೂ ತೆಗೀಬೋದು. ಇಟ್ಟಿಗೆ ಇಡಪ್ಪ." ಕೊನೆಯ ಸಾಲು ಮುಗಿಯುವವರೆಗೂ ಅಲ್ಲೇ ನಿಂತಿದ್ದ. ನಕ್ಷೆಯಲ್ಲಿ ಗುಡಿಯನ್ನು ಟ್ರಸ್ಟಿನ ಹೆಸರು ಸಮೇತ ತೋರಿಸಿದ. ಬಾಗಿಲು ಮೊದಲು ಎಲ್ಲಿತ್ತು, ಯಾಕೆ ಬದಲಾಯಿತು ಎಂಬುದನ್ನೂ ಬರೆದ.

ಜೂನ್ ಎರಡನೇ ವಾರ ಪರಿಶೀಲನೆಗೆ ಬಂದ ಇನ್ಸ್‌ಪೆಕ್ಟರ್ ಹೆಣ್ಣುಮಗಳು ತಮ್ಮ ಸಿಬ್ಬಂದಿಯಿಂದಲೇ ಅಳೆಸಿದರು. ನೂರ ಇಪ್ಪತ್ತಾರೂವರೆ ಬಂತು.

"ಹಳೇ ಬಾಗಿಲಿನ ವಿಷಯ ನಾವು ಕೇಳೇ ಇರಲಿಲ್ಲವಲ್ಲ, ಯಾಕೆ ಬರೆದ್ರಿ?" ಎಂದು ವಿಚಾರಿಸಿದರು.

"ಗೋಡೆ ಮೇಲೆ ಹೊಸ ಗಾರೆ ಕಂಡು ನೀವು ಕೇಳೇ ಕೇಳ್ತೀರಿ ಮೇಡಂ. ಮೊದ್ಲೇ ಹೇಳ್ಬಿಟ್ರೆ ಇಬ್ರಿಗೂ ಕೆಲ್ಸ ಕಮ್ಮಿ."

ಜೂನ್ ಇಪ್ಪತ್ತೆಂಟಕ್ಕೆ ಆದೇಶ ಕೈಗೆ ಬಂತು.

ಬಾರುಗಳ ಅಡುಗೆಮನೆಯಲ್ಲಿ ಚನ್ನವೀರಯ್ಯ ಊಟ ಮಾಡುತ್ತಿರಲಿಲ್ಲ. ಯಾರೆಷ್ಟೇ ಕರೆದರೂ ಒಂದು ಬಾಳೆಹಣ್ಣು ತಿಂದು ಎದ್ದುಬಿಡುತ್ತಿದ್ದ. ಜುಲೈ ಒಂದರ ಬೆಳಿಗ್ಗೆ ಹನುಮಂತಮ್ಮನವರು ಅವನಿಗೆ ಅಡ್ಡ ನಿಂತರು.

"ಇನ್ನೂ ಒಂದ್ ಬಾಟ್ಲಿನೂ ಒಳಗ್ ಬಂದಿಲ್ಲ. ಹೊಸ ಒಲೆ, ಹೊಸ ಪಾತ್ರೆ, ಮೊಟ್ಟೆ ಕೂಡ ಮುಟ್ಟಿಲ್ಲ. ನಿಮಗೋಸ್ಕರವೇ ಇವತ್ತು ಮೊದ್ಲು ಮಾಡಿರೋದು. ಈಗ್ಲಾದ್ರೂ ಉಣ್ಣಿ."

ಅವನು ನನ್ನ ಕಡೆ ನೋಡಿದ. ಕೈ ತೊಳೆದು ಕುಳಿತ. ರಾಗಿಮುದ್ದೆ, ಹುರುಳಿಕಾಳಿನ ಸಾರು, ಮೇಲೆ ತುಪ್ಪ. ತುಪ್ಪ ಬಡಿಸುತ್ತಿದ್ದವರು ಗಂಗಹನುಮಯ್ಯನವರು.

"ತೇಗದ ಬಾಗ್ಲು ಮಾಡ್ಸಿದ್ದೆ, ಇಟ್ಟಿಗೆ ಇಕ್ಕುಸ್ಬುಟ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹಂಗಾದ್ರೆ ಇನ್ನೊಂದ್ ಮುದ್ದೆ ಇಕ್ಕಿ," ಎಂದ ಚನ್ನವೀರಯ್ಯ.

ಎರಡನೆಯ ಮುದ್ದೆಯನ್ನೂ ಮುಗಿಸಿದ. ಅವನು ಅಷ್ಟು ನೆಮ್ಮದಿಯಿಂದ ಉಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಿಂದಿನ ಬೀದಿಯಲ್ಲಿ ಬಾಟಲಿಗಳ ಲಾರಿ ಬಂದು ನಿಂತ ಸದ್ದಾಯಿತು. ಡ್ರೈವರು ಹಾರ್ನ್ ಹೊಡೆದ. "ಇರು ಮಾರಾಯ, ಅಯ್ನೋರ್ ಉಣ್ತಾವ್ರೆ!" ಎಂದು ಗಂಗಹನುಮಯ್ಯನವರು ಒಳಗಿನಿಂದಲೇ ಕೂಗಿದರು.