ಹೊಂಬಾಳಮ್ಮನ ಹಗ್ಗದ ಬಾಡಿಗೆ

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆ ಬಿಡಲು ಶುರು ಮಾಡಿದ ಕಾಲ. ಮದ್ದೂರಿನಿಂದ ಮಳವಳ್ಳಿಗೆ ಸಾಮಾನು ಸಾಗಿಸುವ ಎತ್ತಿನ ಗಾಡಿಗಳಲ್ಲಿ ಒಂದನ್ನು ಮಾತ್ರ ಹೆಂಗಸು ಹೊಡೆಯುತ್ತಿದ್ದಳು. ಅವಳೇ ಹೊಂಬಾಳಮ್ಮ. ಗಂಡ ತೀರಿಕೊಂಡ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದವಳು ಇಳಿಯಲೇ ಇಲ್ಲ. ಗಂಡುಬೀರಿ ಎಂದವರಿಗೆ, "ಊ ಕಣಪ್ಪ, ನಿನ್ ಮೂಟೆ ಎತ್ತಾಕಾಕೆ ಒಬ್ರಾದ್ರೂ ಬ್ಯಾಡ್ವಾ?" ಅನ್ನುತ್ತಿದ್ದಳು.

ಮೊದಲೆಲ್ಲ ಬಾಡಿಗೆ ಅನ್ನುವುದು ಕಣ್ಣಂದಾಜು. ಮೂಟೆ ನೋಡುವುದು, ಮೂಟೆಯವನ ಮುಖ ನೋಡುವುದು, ಒಂದು ಮಾತು ಹೇಳುವುದು. ಆಮೇಲೆ ಆ ದಾರಿಗೆ ಬಸ್ಸು ಬಂತು. ಬಸ್ಸಿನವನು ಮಣಕ್ಕೆ ಇಷ್ಟು ಎಂದು ಗೊತ್ತು ಮಾಡಿದ. ವ್ಯಾಪಾರಿಗಳು, "ನೀನೂ ತೂಕದ್ ಲೆಕ್ಕಕ್ಕೆ ಬಾ ಕಣಮ್ಮ, ಚೌಕಾಸಿ ಕಾಟ ತಪ್ತದೆ" ಅಂದರು. ಒಪ್ಪಿಕೊಂಡಳು. ಎಡವಟ್ಟಾದದ್ದು ಅಲ್ಲೇ.

ಬೆಲ್ಲ, ಅಕ್ಕಿ, ಉಪ್ಪು ಬಸ್ಸು ಹತ್ತಿದವು. ಜಾಗ ತಿನ್ನುವ ಹಗುರದ ಸಾಮಾನನ್ನು ಬಸ್ಸಿನವನು ಮುಟ್ಟಲಿಲ್ಲ. ಕಡ್ಲೆಪುರಿ ಮೂಟೆ, ಪೊರಕೆ ಕಟ್ಟು, ಬಿದಿರು ಮಂಕರಿ ಎಲ್ಲ ಇವಳ ಪಾಲಿಗೆ. ಗಾಡಿ ಹುಲ್ಲಿನ ಮೆದೆಯ ಹಾಗೆ ಕಾಣುತ್ತಿತ್ತು, ಎತ್ತುಗಳು ದಿಬ್ಬಣಕ್ಕೆ ಹೊರಟ ಹಾಗೆ ಕುಣಿಯುತ್ತಿದ್ದವು. ಬಂದ ಬಾಡಿಗೆ ಮಾತ್ರ ಹಿಂಡಿಗೂ ಸಾಲದು.

ಬಸರಾಳಿನಿಂದ ಬಂದ ತಮ್ಮ ಪುಟ್ಟರಾಜು, "ಅಕ್ಕೋ, ಎತ್ತು ಮಾರ್ಬುಡು. ಅಮಾಸೆ ಕಳುದ್ ಮೇಲೆ ದಲ್ಲಾಳಿ ಕರ್ಕಂಡ್ ಬತ್ತೀನಿ. ನಮ್ಮನೇಲಿರೀವಂತೆ" ಅಂದ.

"ನಿನ್ ಹೆಂಡ್ತಿ ಇಕ್ಕಿದ್ ಮುದ್ದೆ ತಿಂದ್ಕಂಡು ಮೂಲೇಲಿ ಕೂರಾಕೆ ನಂಗೇನ್ ಬಂದದ್ಲಾ?"

ಅಂದಳೇನೋ ನಿಜ. ಆದರೆ ಹುಲ್ಲು ಮುಗಿಯುತ್ತ ಬಂದಿತ್ತು. ಎತ್ತು ಹೋದರೆ ಅನ್ನವೂ ಹೋಯಿತು, ತನ್ನ ಮನೆಯಲ್ಲಿ ತನ್ನ ಮಾತೂ ಹೋಯಿತು.

ಮಾರನೆಯ ದಿನ ಪುರಿ ಮೂಟೆ ಬಿಗಿಯುವಾಗ ಹಗ್ಗ ಸಾಲದೆ ಬಂತು. ಪಕ್ಕದ ಗಾಡಿಯವನನ್ನು ಹಗ್ಗ ಕೇಳುತ್ತ ಹೊಂಬಾಳಮ್ಮ ಹಾಗೇ ನಿಂತಳು. ಬೆಲ್ಲ ಹೇರಿದಾಗ ಎಂದೂ ಕಡಿಮೆ ಬೀಳದ ಹಗ್ಗ! ಎತ್ತಿಗೆ ತೂಕ ಹೊರೆ, ಗಾಡಿಗೆ ಜಾಗ ಹೊರೆ. ಅಲ್ಲೇ ಕೂತು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿದಳು.

"ಇನ್ಮೇಲೆ ತೂಗಾದೂ ತೂಗ್ತೀನಿ, ಹಗ್ಗ ಸುತ್ತಿ ಗಂಟೂ ಎಣಿಸ್ತೀನಿ. ಯಾವ್ದು ಜಾಸ್ತಿ ಬತ್ತದೋ ಆ ಬಾಡಿಗೆ ಕೊಡಿ" ಎಂದು ಸಾರಿದಳು. ಉಳಿದ ಗಾಡಿಯವರೂ ಅದನ್ನೇ ಹಿಡಿದರು.

ಪುರಿ ಭಟ್ಟಿಯ ಚಲುವರಾಜು ಕುಣಿದಾಡಿದ. "ಏನಮ್ಮ ಒಂಬಾಳಮ್ಮ, ಪುರಿ ಒಳಗಿನ್ ಗಾಳಿಗೂ ಬಾಡಿಗೆನಾ?"

"ಗಾಳಿ ನನ್ ಗಾಡೀಲಿ ಕೂತದಲ್ಲ ಕಣಣ್ಣ. ಇಳುದು ನಡ್ಕಂಡ್ ಬರ್ಲಿ, ಕಾಸು ಕೇಳಾಕಿಲ್ಲ."

ಅವನು ಸೋಲುವವನೇ? ಗೋಡೆ ಹಿಡಿದು ಮೂಟೆಯ ಮೇಲೆ ನಿಂತು ತುಳಿದ, ಇನ್ನಷ್ಟು ಪುರಿ ತುಂಬಿದ, ಮತ್ತೆ ತುಳಿದ.

"ಅಣ್ಣ, ಅದು ಪುರಿ ಕಣಣ್ಣ, ರಾಗಿ ಅಲ್ಲ" ಅಂದಳು ಹೊಂಬಾಳಮ್ಮ. ಕೇಳಿದರೆ ತಾನೆ! ಹಗ್ಗ ಅರ್ಧಕ್ಕೇ ಸುತ್ತಿ ಬಂತು. ಚಲುವರಾಜು ಮೀಸೆ ತಿರುವಿದ.

ಮಳವಳ್ಳಿಯ ಅಂಗಡಿ ಮರಿತಾಯಮ್ಮ ಮೂಟೆಗೆ ಕೈ ಹಾಕಿದಳು. ಬೆರಳ ಸಂದಿಯಿಂದ ಪುಡಿ ಉದುರಿತು. "ಇದೇನ್ ಪುರಿನೋ ತೌಡೋ? ಎಮ್ಮೆಗಾಕ್ಲಾ, ಮಕ್ಕಳಿಗ್ ಮಾರ್ಲಾ? ವಾಪಸ್ ಒಯ್ಕಂಡೋಗು, ಆ ಪುಣ್ಯಾತ್ಮನೇ ಮುಕ್ಲಿ!" ಮೂಟೆಗಳು ಬಂದ ಗಾಡಿಯಲ್ಲೇ ಹಿಂದಿರುಗಿದವು. ವಾಪಸ್ ತಂದ ಬಾಡಿಗೆಯೂ ಚಲುವರಾಜುವಿನ ತಲೆಗೇ ಬಂತು.

ಅಮಾವಾಸ್ಯೆ ಕಳೆದು ಪುಟ್ಟರಾಜು ದಲ್ಲಾಳಿಯನ್ನು ಕರೆತಂದಾಗ ಅಕ್ಕನ ಮನೆ ಮುಂದೆ ಪೊರಕೆಯವನು, ಮಂಕರಿಯವನು ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಚಲುವರಾಜು. "ಸಡ್ಲವಾಗೇ ಸುತ್ತಮ್ಮ, ಒಂದ್ ಕಾಳೂ ನುರೀಬಾರ್ದು" ಅನ್ನುತ್ತಿದ್ದ.

ದಲ್ಲಾಳಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಲು ಹೋದ.

"ಅಣ್ಣೋ, ಅಲ್ಲು ಆಮ್ಯಾಲ್ ಎಣ್ಸೀವಂತೆ, ಮೊದ್ಲು ಆ ಮಂಕರಿ ಎತ್ಕೊಡು. ಲೋ ಪುಟ್ಟ, ನೀನು ಆ ಕಡೆ ಹಿಡ್ಕಳ್ಲಾ."

ಇಬ್ಬರೂ ಹೇರಿದ್ದೇ ಹೇರಿದ್ದು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಗಾಡಿ ಬೀದಿ ದಾಟಿತ್ತು.

"ಎತ್ತು?" ಅಂದ ದಲ್ಲಾಳಿ.

"ಕಾಣಾಕಿಲ್ವಾ?" ಅಂದ ಪುಟ್ಟರಾಜು. "ಮಳವಳ್ಳಿಗೆ ಓಯ್ತಾವೆ."