ಅಳವಂಡಿ ಟೀಮಿಗೆ ಅಳವಂಡಿ ಅಂತಲೇ ಹೆಸರು

ಗೆಳೆಯರೇ, ಇವತ್ತು ಕೊಪ್ಪಳದ ಫುಟ್‌ಬಾಲ್ ಟೂರ್ನಿಯಿಂದ ನಮ್ಮ ಟೀಮನ್ನು ತೆಗೆದೇಬಿಡುತ್ತಿದ್ದರು. ಇಲ್ಲಿ ಪ್ರತಿ ಟೀಮೂ ಯುರೋಪಿನ ಶ್ರೀಮಂತ ಕ್ಲಬ್ಬೊಂದರ ಹೆಸರಿಟ್ಟುಕೊಳ್ಳುತ್ತದೆ. ಒಂದೇ ಹೆಸರಿನ ಮೂರು ಟೀಮುಗಳಿವೆ. ನಾನು ನಮ್ಮೂರು ಅಳವಂಡಿಯ ಹೆಸರನ್ನೇ ಬರೆಸಿದೆ.

"ತಮ್ಮಾ, ಅಳವಂಡಿ ಅಂದ್ರ ಯಾರ್ ನೋಡಾಕ ಬರ್ತಾರ? ದೊಡ್ಡ ಕ್ಲಬ್ಬಿನ ಹೆಸರಿಡು, ಇಲ್ಲಾಂದ್ರ ಆಡಬ್ಯಾಡ" ಎಂದರು ಸಂಘಟಕರು.

"ಆ ಕ್ಲಬ್ಬಿನವರು ರೊಕ್ಕ ಸುರಿದು ಸಣ್ಣ ಕ್ಲಬ್ಬಿನ ಛಲೋ ಆಟಗಾರರನ್ನೆಲ್ಲ ಎಳಕೊಂಡಾರ. ಈಗ ನಮ್ಮೂರಿನ ಹೆಸರೂ ಬಿಟ್ಟುಕೊಡಬೇಕೇನ್ರಿ?" ಎಂದು ಬೂಟು ಕಟ್ಟಿ ಮೈದಾನಕ್ಕಿಳಿದೆ. ಎದುರು ಟೀಮು ಕಾಯುತ್ತಿತ್ತು, ಸಂಘಟಕರು ಆಟ ಶುರು ಮಾಡಿಸಿದರು.

ಮೂರು ಗೋಲಿನಿಂದ ಸೋತೆವು, ಸುಳ್ಳು ಹೇಳುವುದಿಲ್ಲ. ಆದರೆ ಟ್ರ್ಯಾಕ್ಟರಿನಲ್ಲಿ ಬಂದಿದ್ದ ನಮ್ಮೂರವರು ಕೊನೆಯವರೆಗೂ "ಅಳವಂಡಿ, ಅಳವಂಡಿ" ಎಂದು ಕೂಗಿದರು. ಗೆದ್ದ ಟೀಮಿನ ಹೆಸರು ಕೂಗಲು ಅವರ ಅವ್ವಂದಿರಿಗೇ ನಾಲಿಗೆ ಹೊರಳಲಿಲ್ಲ.