ಸುರಗಿಯ ಹಿಂದಿನ ಸೀಟು

ಒಂದು ಶನಿವಾರ ಬೇಲೂರಿನಿಂದ ಅರಸೀಕೆರೆಗೆ ಹೊರಟ ಬಸ್ಸಿನಲ್ಲಿ ಯಾರೋ ನನ್ನ ಕತ್ತಿನ ಹಿಂದೆಯೇ ದೀರ್ಘವಾಗಿ ಉಸಿರೆಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಕತ್ತಿನ ಸರವನ್ನು ರವಿಕೆಯೊಳಗೆ ಸೇರಿಸಿಕೊಂಡು ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಕೆಂಪು ಸೀರೆಯ ಸೆರಗನ್ನು ಬೋಳುತಲೆಗೆ ಹೊದ್ದಿದ್ದ ವೃದ್ಧೆಯೊಬ್ಬರು ಮುಂದಕ್ಕೆ ಬಾಗಿ ಕುಳಿತಿದ್ದರು.

"ನನ್ನ ಪಕ್ಕ ಜಾಗ ಇದೆ, ಬನ್ನಿ" ಎಂದೆ.

"ಬೇಡಮ್ಮ, ಇಲ್ಲೇ ಚೆನ್ನಾಗಿದೆ. ನೀನು ಮುಡಿದಿರೋದು ಸುರಗಿ ಅಲ್ವೇ? ನಾನು ಮುಡಿಯೋ ಹಾಗಿಲ್ಲ. ಮುಡಿದವರ ಹಿಂದೆ ಕೂತ್ಕೋಬಾರದು ಅಂತ ಯಾರೂ ಹೇಳಿಲ್ಲವಲ್ಲ."

ನಾನು ಹೂ ಮುಡಿಯುವವಳೇ ಅಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಹುಡುಗಿಯೊಬ್ಬಳು ತಂದುಕೊಟ್ಟಿದ್ದ ಮಾಲೆಯನ್ನು ಬೇಡವೆನ್ನಲಾಗದೆ ಮುಡಿದಿದ್ದೆ. ಅದನ್ನು ತೆಗೆದುಕೊಡಲೇ ಎಂದು ಕೇಳಿದೆ.

"ಅಯ್ಯೋ, ಮನೇಲಿ ನೋಡಿದರೆ ಯಾರಿಗೆ ಅಂತ ಕೇಳ್ತಾರೆ. ಮೂಗಿನಲ್ಲಿ ತಗೊಂಡು ಹೋದರೆ ಯಾರೂ ಕೇಳಲ್ಲ."

"ಮಲ್ಲಿಗೆಯೂ ಇಷ್ಟವೇ?"

"ಅದು ಸಂಜೆಗೆ ಮುಗೀತು. ಸುರಗಿ ಒಣಗಿದ ಮೇಲೂ ವಾಸನೆ ಹೋಗೋದಿಲ್ಲ, ನೋಡು."

ಇಷ್ಟು ಹೇಳಿ ಅವರು ತಮ್ಮ ಕೆಲಸ ಮುಂದುವರಿಸಿದರು. ನಾನು ಪುಸ್ತಕ ತೆರೆದೆ, ಓದಲಿಲ್ಲ. ಹಳೇಬೀಡು ಹತ್ತಿರವಾದಾಗ ತಲೆಯನ್ನು ತುಸು ಹಿಂದಕ್ಕೆ ಒರಗಿಸಿದೆ. ಅವರು ಕೊನೆಯದಾಗಿ ಒಮ್ಮೆ ಉಸಿರೆಳೆದುಕೊಂಡು, ಏನೂ ಆಗದವರಂತೆ ಸೆರಗು ಸರಿಮಾಡಿಕೊಂಡು ಇಳಿದುಹೋದರು.

ನಿಶ್ಚಿಂತೆಯಾಗಿ ಓದಬಹುದೆಂದು ಬಸ್ಸಿನ ಕೊನೆಯ ಸೀಟನ್ನೇ ಹುಡುಕುತ್ತಿದ್ದವಳು ನಾನು. ಈಗ ಸುರಗಿಯ ಕಾಲದಲ್ಲಿ ಪ್ರತಿ ಶನಿವಾರ ಹೂ ಮುಡಿದು, ಹಿಂದೆ ಒಂದು ಸೀಟಾದರೂ ಇರುವಂತೆ ನೋಡಿಕೊಂಡು ಕುಳಿತುಕೊಳ್ಳುತ್ತೇನೆ.